ಬಚ್ಚಲಮನೆಯ ಮೂರ್ಛೆ, ಯಳಂದೂರಿನ ಎಣಿಕೆ

ದೀಪಾವಳಿಯ ಹಿಂದಿನ ಸಂಜೆ ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಹಂಡೆ ಬೆಳಗಿ, ಸುಣ್ಣದ ಪಟ್ಟೆ ಬಳಿದು, ನೀರು ತುಂಬುತ್ತಾರೆ. ಮಾರನೆಯ ದಿನ ನಸುಕಿಗೇ ಒಲೆ ಹೊತ್ತಿಸಿದರೆ ಮನೆಮಂದಿಯೆಲ್ಲ ಎಣ್ಣೆ ಹಚ್ಚಿಕೊಂಡು ಒಬ್ಬೊಬ್ಬರಾಗಿ ಬಚ್ಚಲಿಗೆ ಇಳಿಯಬೇಕು. ನೆತ್ತಿಗೆ ಚೊಂಬುಗಟ್ಟಲೆ ಸುಡುನೀರು ಬೀಳದಿದ್ದರೆ ಹಿರಿಯರ ಪಾಲಿಗೆ ಅದು ಸ್ನಾನವೇ ಅಲ್ಲ. ಹಬ್ಬವಿಲ್ಲದ ದಿನಗಳಲ್ಲೂ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ತಲೆಗೆ ನೀರು ಹಾಕಿಕೊಳ್ಳುವಾಗ ಇದೇ ಕ್ರಮ. ಹೀಗೆ ನೀರು ಹುಯ್ಯುತ್ತಿರುವಾಗಲೇ ಕೆಲವರ ನೋಟ ನಟ್ಟುಬಿಡುತ್ತದೆ. ಮಾತು ತೊದಲುತ್ತದೆ, ಎದುರಿಗಿರುವವರ ಗುರುತು ಹತ್ತುವುದಿಲ್ಲ. ಕೆಲವರು ಕೈಕಾಲು ಸೆಟೆದು ಬಚ್ಚಲ ಕಲ್ಲಿನ ಮೇಲೆಯೇ ಬೀಳುತ್ತಾರೆ. ಸ್ವಲ್ಪ ಹೊತ್ತಿಗೆ ಎದ್ದು ಕೂತವರಿಗೆ ಏನಾಯಿತೆಂದು ನೆನಪಿರುವುದಿಲ್ಲ.

ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ‘ನ್ಯೂರಾಲಜಿ ಇಂಡಿಯಾ’ ಪತ್ರಿಕೆಯಲ್ಲಿ ಇದರ ಬಗ್ಗೆ ಪ್ರಾಥಮಿಕ ವರದಿಯೊಂದನ್ನು ಬರೆದರು. ಇಂಥ ಪ್ರಕರಣವನ್ನು 1945ರಲ್ಲಿ ನ್ಯೂಜಿಲೆಂಡಿನ ಅಲೆನ್ ಎಂಬ ವೈದ್ಯ ಮೊದಲು ದಾಖಲಿಸಿದ್ದ. ಆದರೆ ಅದು ಎಲ್ಲೋ ಒಂದು ಅಪರೂಪದ ಪ್ರಸಂಗವೆಂದು ಪುಸ್ತಕದ ಮೂಲೆ ಸೇರಿತ್ತು. ಮಣಿಯವರ ಬಳಿ ಇದ್ದದ್ದು ಒಂದೆರಡು ಪ್ರಸಂಗಗಳಲ್ಲ. 1974ರ ಹೊತ್ತಿಗೆ ಅವರು 108 ರೋಗಿಗಳ ಲಕ್ಷಣಗಳನ್ನೂ ಮಿದುಳಿನ ವಿದ್ಯುತ್ ರೇಖಾಚಿತ್ರಗಳನ್ನೂ ಒಟ್ಟುಮಾಡಿ ಅಮೆರಿಕದ ನರರೋಗ ತಜ್ಞರ ಮುಂದಿಟ್ಟರು. ಬೇರೆ ದೇಶಗಳಲ್ಲಿ ವೈದ್ಯನೊಬ್ಬ ವೃತ್ತಿಯುದ್ದಕ್ಕೂ ನೋಡದ ಕಾಯಿಲೆ ದಕ್ಷಿಣ ಕರ್ನಾಟಕದ ಬಚ್ಚಲುಗಳಲ್ಲಿ ಮಾಮೂಲಾಗಿತ್ತು.

ಮೈಸೂರು, ಮಂಡ್ಯ, ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಹಳ್ಳಿಗರಿಗೆ ಇದರಲ್ಲಿ ಹೊಸ ಸುದ್ದಿಯೇನಿರಲಿಲ್ಲ. ಬಚ್ಚಲಲ್ಲಿ ಬಿದ್ದ ಮಗುವಿನ ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟು, ಎದ್ದ ಮೇಲೆ ಅಂತ್ರ ಕಟ್ಟಿಸಿ, ಮಾದಪ್ಪನಿಗೋ ಬಿಳಿಗಿರಿ ರಂಗಪ್ಪನಿಗೋ ಹರಕೆ ಹೊತ್ತು ಸುಮ್ಮನಾಗುವುದು ರೂಢಿ. ಗಾಳಿ ಸೋಕಿತು ಅನ್ನುವವರು ಒಂದಷ್ಟು ಜನ, ಉಷ್ಣ ತಲೆಗೇರಿತು ಅನ್ನುವವರು ಇನ್ನಷ್ಟು ಜನ. ಎರಡನೆಯವರ ಮಾತು ವಿಜ್ಞಾನಕ್ಕೆ ತೀರ ದೂರವಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಮಣಿಯವರು ತೆರೆದ ದಾರಿಯಲ್ಲಿ ಮುಂದೆ ಹೋದವರು ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ. ಅವರ ತಂಡ 1988ರಲ್ಲಿ ‘ಎಪಿಲೆಪ್ಸಿಯಾ’ ಪತ್ರಿಕೆಯಲ್ಲಿ 279 ರೋಗಿಗಳ ವಿವರ ಪ್ರಕಟಿಸಿತು. ನೀರಿನ ಶಾಖ 40ರಿಂದ 50 ಡಿಗ್ರಿ ಸೆಲ್ಸಿಯಸ್, ಸುರಿಯುವುದು ನೇರವಾಗಿ ನೆತ್ತಿಗೆ, ಅದೂ ಬಿಡದೆ, ವೇಗವಾಗಿ. ಗಂಡಸರು ಹೆಂಗಸರ ಎರಡು ಪಟ್ಟಿಗಿಂತ ಹೆಚ್ಚು. ಒಂದಷ್ಟು ಜನರಲ್ಲಿ ಕೆಲವು ವರ್ಷಗಳ ಮೇಲೆ ಬಿಸಿನೀರಿನ ನೆಪವಿಲ್ಲದೆಯೂ ಮೂರ್ಛೆ ಬರಲು ಶುರುವಾಗುತ್ತದೆ. ಇನ್ನೂ ವಿಚಿತ್ರವೆಂದರೆ ಕೆಲವರಿಗೆ ಆ ಗಳಿಗೆಯಲ್ಲಿ ಒಂದು ಬಗೆಯ ಸುಖವೂ ಸಿಗುತ್ತದೆ. ಬೇಡವೆಂದರೂ ಕೈ ತಾನಾಗಿ ಇನ್ನೊಂದು ಚೊಂಬು ಮೊಗೆಯುತ್ತದೆ. ಇಂಥವರನ್ನು ಕಂಡ ಮನೆಯವರು ಹುಚ್ಚೆಂದು ತಿಳಿದಿದ್ದರೆ ಅವರನ್ನು ದೂರುವಂತಿಲ್ಲ.

ಇದು ನಿಜಕ್ಕೂ ಮೂರ್ಛೆರೋಗವೇ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿರಲಿಲ್ಲ. ಜ್ವರ ಏರಿದಾಗ ಎಳೆಯ ಮಕ್ಕಳಿಗೆ ಬರುವ ಸೆಳೆತದ ಜಾತಿಗೇ ಇದನ್ನು ಸೇರಿಸಬೇಕು ಎಂದು ಕೆಲವರು ವಾದಿಸಿದರು. ನೀರು ತಾಗುವ ಸ್ಪರ್ಶವೇ ಕಾರಣವೆಂದರು ಇನ್ನು ಕೆಲವರು. ನಿಮ್ಹಾನ್ಸ್ ತಂಡ ಇಲಿಗಳ ಮೇಲೆ ಪ್ರಯೋಗ ನಡೆಸಿ, ಮಿದುಳಿನ ಉಷ್ಣತೆ ಥಟ್ಟನೆ ಏರುವುದೇ ಮೂಲವೆಂಬ ನಿಲುವಿಗೆ ಬಂತು. ಒಂದೇ ಮನೆತನದಲ್ಲಿ ಹಲವರಿಗೆ ಕಾಣಿಸಿಕೊಳ್ಳುವುದರಿಂದ ವಂಶವಾಹಿಯ ಕೈವಾಡವೂ ಇದೆ ಎಂದು ಶಂಕಿಸಿ, ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ಪ್ರಯೋಗಾಲಯ ನಂತರದ ವರ್ಷಗಳಲ್ಲಿ ಅದರ ಜಾಡು ಹಿಡಿಯಿತು. ಆ ವಾದಗಳ ಒಳಹೊರಗನ್ನು ತಜ್ಞರಿಗೇ ಬಿಡೋಣ. ನಮ್ಮ ಕಥೆಗೆ ಮುಖ್ಯವಾದ ತೊಡಕು ಬೇರೆ.

ಆ 279 ಮಂದಿ ಆಸ್ಪತ್ರೆಗೆ ಬಂದವರು. ಗುಂಡ್ಲುಪೇಟೆಯಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರು. ಬಸ್ಸಿನ ಕಾಸು, ಎರಡು ದಿನದ ಕೂಲಿ, ಜೊತೆಗೆ ಬರಲು ಒಬ್ಬರು, ಇವೆಲ್ಲ ಹೊಂದಿದರೆ ಮಾತ್ರ ರೋಗಿ ನಿಮ್ಹಾನ್ಸ್‌ನ ಬಾಗಿಲು ಕಾಣುತ್ತಾನೆ. ‘ಕಾಣುತ್ತಾನೆ’ ಎಂದು ಬೇಕೆಂದೇ ಬರೆದೆ. ಮಗಳಿಗೆ ಮೂರ್ಛೆ ಬರುತ್ತದೆಂಬುದು ಊರಿಗೆ ತಿಳಿದರೆ ಮದುವೆಯ ಗತಿಯೇನು ಎಂದು ಹೆದರುವ ತಂದೆ ಅವಳನ್ನು ಬಸ್ಸು ಹತ್ತಿಸುವುದು ಕಷ್ಟ. ಹೆಂಗಸರು ಕಡಿಮೆ ಎಂಬ ಲೆಕ್ಕದಲ್ಲಿ ದೇಹಧರ್ಮದ ಪಾಲೆಷ್ಟು, ಮರೆಮಾಚಿದ್ದರ ಪಾಲೆಷ್ಟು ಎಂಬುದು ಆಸ್ಪತ್ರೆಯ ರಿಜಿಸ್ಟರನ್ನು ಎಷ್ಟು ತಿರುವಿದರೂ ಗೊತ್ತಾಗದು. ಅದನ್ನು ತಿಳಿಯಲು ಮನೆಬಾಗಿಲಿಗೇ ಹೋಗಬೇಕಿತ್ತು.

ಮನೆಬಾಗಿಲಿಗೆ ಹೋಗಿ ಕಾಯಿಲೆ ಕೇಳುವ ವಿದ್ಯೆ ಕರ್ನಾಟಕಕ್ಕೆ ಆಗಲೇ ಸ್ವಲ್ಪ ರೂಢಿಯಾಗಿತ್ತು. 1970ರ ದಶಕದ ಆರಂಭದಲ್ಲಿ ಮನೋವೈದ್ಯ ಆರ್.ಎಲ್. ಕಪೂರ್, ಎಡಿನ್‌ಬರೋದ ಪ್ರೊಫೆಸರ್ ಜಿ.ಎಂ. ಕಾರ್‌ಸ್ಟೇರ್ಸ್ ಜೊತೆಗೂಡಿ ದಕ್ಷಿಣ ಕನ್ನಡದ ಕೋಟದಲ್ಲಿ ಕೂತರು. ಇಂಗ್ಲೆಂಡಿನ ಪ್ರಶ್ನಾವಳಿಯನ್ನು ಹಾಗೇ ಅನುವಾದಿಸಿ ಕೇಳಿದರೆ ಕೋಟದವರ ಸಂಕಟ ಅದರೊಳಗೆ ಸಿಕ್ಕುವುದಿಲ್ಲ ಎಂಬುದನ್ನು ಅವರು ಬೇಗ ಅರಿತರು. ಇಲ್ಲಿನವರು ಬೇಸರವನ್ನು ಬೇಸರವೆಂದು ಹೇಳಿಕೊಳ್ಳುವುದು ಅಪರೂಪ. ಎದೆ ಉರಿ, ಮೈಕೈ ನೋವು, ತಲೆ ಭಾರ ಎನ್ನುತ್ತಾರೆ. ದೆವ್ವ ಮೈಮೇಲೆ ಬರುವುದನ್ನು ಕಾಯಿಲೆಯ ಪಟ್ಟಿಗೆ ಸೇರಿಸಬೇಕೋ ಬೇಡವೋ ಎಂಬುದಕ್ಕೂ ಇಂಗ್ಲೆಂಡಿನ ಕಾಗದದಲ್ಲಿ ಉತ್ತರವಿಲ್ಲ. ಮಾಳವಿಕಾ ಕಪೂರ್ ಅವರೂ ಸೇರಿ 1974ರಲ್ಲಿ ಇಲ್ಲಿಯ ಜನಕ್ಕೆಂದೇ ಸಂದರ್ಶನದ ಹೊಸ ಕ್ರಮಗಳನ್ನು ರೂಪಿಸಿದರು. 1976ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಪುಸ್ತಕ ಬಂತು. ರೋಗ ಯಾರಿಗಿದೆ ಎಂದು ಹುಡುಕುವ ಮೊದಲು ರೋಗದ ಬಗ್ಗೆ ಹೇಗೆ ಕೇಳಬೇಕೆಂದು ಕಲಿಯಬೇಕು ಎಂಬ ಪಾಠ ಅಲ್ಲಿಂದ ಬಂತು.

ಅದೇ ದಶಕದಲ್ಲಿ ನಿಮ್ಹಾನ್ಸ್ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಸಮುದಾಯ ಮನೋವೈದ್ಯಕೀಯದ ಪ್ರಯೋಗ ಶುರುಮಾಡಿತು. 1985ರಲ್ಲಿ ಅದು ಬಳ್ಳಾರಿ ಜಿಲ್ಲೆಗೆ ಹಬ್ಬಿತು. ಮನೋರೋಗದ ಜೊತೆಗೆ ಮೂರ್ಛೆರೋಗದ ಮಾತ್ರೆಯನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಡಬಹುದು ಎಂದು ಬಳ್ಳಾರಿ ತೋರಿಸಿಕೊಟ್ಟಿತು. ಇತ್ತ ಡಾ. ಎಂ. ಗೌರಿದೇವಿಯವರ ತಂಡ ಗೌರಿಬಿದನೂರು ಭಾಗದಲ್ಲಿ 57,660 ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿ ನರರೋಗಗಳ ಲೆಕ್ಕ ತೆಗೆಯಿತು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಬ್ರೂಸ್ ಶೋನ್‌ಬರ್ಗ್ ಎಂಬ ಅಮೆರಿಕದ ತಜ್ಞ ಇಂಥ ಸಮೀಕ್ಷೆಗೆ ಒಂದು ಮಾದರಿ ಹಾಕಿಕೊಟ್ಟಿದ್ದರು. ಸತೀಶ್ಚಂದ್ರರ 1988ರ ಲೇಖನದಲ್ಲಿ ಅವರೂ ಒಬ್ಬ ಸಹಲೇಖಕರು.

ಆ ಮಾದರಿ ಜರಡಿ ಹಿಡಿದ ಹಾಗೆ ಎರಡು ಹಂತದ್ದು. ಮೊದಲು ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಕೆಲವೇ ಪ್ರಶ್ನೆ ಕೇಳುತ್ತಾರೆ. ಸಂಶಯ ಬಂದವರನ್ನೆಲ್ಲ ಗುರುತು ಹಾಕಿಕೊಳ್ಳುತ್ತಾರೆ. ಆಮೇಲೆ ನರರೋಗ ತಜ್ಞರು ಬಂದು ಅವರನ್ನಷ್ಟೇ ಪರೀಕ್ಷಿಸುತ್ತಾರೆ. ಮೊದಲ ಹಂತದಲ್ಲಿ ಕಣ್ಣು ಸಣ್ಣದಾದರೆ ತಜ್ಞರ ಮುಂದೆ ಸುಮ್ಮನೆ ತಲೆಸುತ್ತಿ ಬಿದ್ದವರು, ಜ್ವರಕ್ಕೆ ಸೆಳೆತ ಬಂದ ಕೂಸುಗಳು, ಮೈಮೇಲೆ ದೇವರು ಬರುವವರು ಎಲ್ಲರ ಸಾಲು ನಿಲ್ಲುತ್ತದೆ. ಕಣ್ಣು ದೊಡ್ಡದಾದರೆ ನಿಜವಾದ ರೋಗಿ ಜಾರಿಹೋಗುತ್ತಾನೆ. ‘ನಿಮ್ಮನೇಲಿ ಯಾರಿಗಾದ್ರೂ ಫಿಟ್ಸ್ ಐತಾ?’ ಎಂದು ಕೇಳಿದರೆ ಬಾಗಿಲಲ್ಲಿ ನಿಂತ ಅತ್ತೆಯಿಂದ ‘ಇಲ್ಲ ಕಣಪ್ಪ’ ಎಂಬ ಉತ್ತರ ಬಿಟ್ಟರೆ ಬೇರೇನೂ ಬರುವುದಿಲ್ಲ. ರೋಗದ ಹೆಸರೆತ್ತದೆ, ಎಚ್ಚರ ತಪ್ಪಿ ಬಿದ್ದದ್ದುಂಟೇ, ಬಾಯಲ್ಲಿ ನೊರೆ ಬಂದಿತ್ತೇ, ನಾಲಿಗೆ ಕಚ್ಚಿಕೊಂಡಿದ್ದರೇ, ಅರಿವಿಲ್ಲದೆ ಬಟ್ಟೆ ಒದ್ದೆಯಾಗಿತ್ತೇ ಎಂದು ಒಂದೊಂದಾಗಿ ಕೇಳಿದರೆ ಬಾಯಿ ಬಿಡುವವರುಂಟು. ಅದರ ಮೇಲೆ ಬಚ್ಚಲ ಪ್ರಶ್ನೆ. ಬಿಸಿನೀರಿಗೆ ಮಾತ್ರ ಬೀಳುವವರು ತಮ್ಮನ್ನು ರೋಗಿಯೆಂದೇ ಎಣಿಸುವುದಿಲ್ಲ. ಅದನ್ನು ಬೇರೆಯಾಗಿಯೇ ಕೇಳದಿದ್ದರೆ ಅವರ ಲೆಕ್ಕ ಸಿಗುವ ಹಾಗಿಲ್ಲ.

ಯಳಂದೂರು ಈ ಕಥೆಯೊಳಗೆ ಬರುವುದು ಕುಷ್ಠರೋಗದ ದಾರಿಯಲ್ಲಿ. ಬೆಂಗಳೂರು ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟಕ್ಕೆ ಬಂದು 1981ರಲ್ಲಿ ಸೋಲಿಗರಿಗಾಗಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ್ದರು. ಬೆಟ್ಟದ ಕೆಳಗಿನ ಯಳಂದೂರು ತಾಲ್ಲೂಕು ರಾಜ್ಯದ ಪುಟ್ಟ ತಾಲ್ಲೂಕುಗಳಲ್ಲೊಂದು, ಒಂದು ಕಾಲಕ್ಕೆ ದಿವಾನ್ ಪೂರ್ಣಯ್ಯನವರ ಜಹಗೀರು. ಬಳೆಮಂಟಪದ ಕೆತ್ತನೆ ನೋಡಲು ಬರುವವರಿಗೆ ಆ ತಾಲ್ಲೂಕಿನ ಕೇರಿಗಳಲ್ಲಿ ಕುಷ್ಠ ಎಷ್ಟು ಹಬ್ಬಿದೆಯೆಂದು ತಿಳಿಯುತ್ತಿರಲಿಲ್ಲ. ಸುದರ್ಶನ್ ಅವರೇ 1986ರಲ್ಲಿ ಸ್ಥಾಪಿಸಿದ ಕರುಣಾ ಟ್ರಸ್ಟ್ ಮೊದಲು ಕೈಗೆತ್ತಿಕೊಂಡದ್ದು ಅದನ್ನೇ. ಆಗ ಅಲ್ಲಿ ಸಾವಿರ ಜನರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ಕುಷ್ಠವಿತ್ತು. ಬಹು ಔಷಧ ಚಿಕಿತ್ಸೆ ಆಗಷ್ಟೇ ಕೈಗೆ ಬಂದಿತ್ತು. ಕಾರ್ಯಕರ್ತರು ಮನೆಮನೆಗೆ ಹೋಗಿ, ಮಚ್ಚೆ ನೋಡಿ, ಮಾತ್ರೆ ನುಂಗಿಸಿ, ತಿಂಗಳು ತಿಂಗಳೂ ಮರಳಿ ಬರುತ್ತಿದ್ದರು.

ಕುಷ್ಠದ ಕೆಲಸ ಮಾಡಿದವರಿಗೆ ಸಿಕ್ಕ ದೊಡ್ಡ ಆಸ್ತಿ ಯಾವುದೆಂದರೆ ಒಳಗೆ ಕರೆಯುವ ಮನೆಗಳು. ಊರು ದೂರವಿಟ್ಟ ಕಾಯಿಲೆಯನ್ನು ಮುಟ್ಟಿ ನೋಡಿದವರು ಇನ್ನೊಂದು ಮುಚ್ಚಿಟ್ಟ ಕಾಯಿಲೆಯ ಬಗ್ಗೆ ಕೇಳಿದಾಗ ಜನ ಹೇಳುತ್ತಾರೆ. ಬೆಂಗಳೂರಿನಿಂದ ಜೀಪಿನಲ್ಲಿ ಬಂದು ಸಂಜೆಗೆ ಮರಳುವ ಸಮೀಕ್ಷಕರಿಗೆ ಈ ಸಲಿಗೆ ಎಷ್ಟು ಹಣ ಕೊಟ್ಟರೂ ಸಿಗುವುದಿಲ್ಲ. ಯಳಂದೂರಿನ ಅಧ್ಯಯನ ಬೆಳೆದ ನೆಲ ಇದು. ಪ್ರಶ್ನಾವಳಿಯ ಜಾಣತನಕ್ಕಿಂತ ಇದರ ಪಾಲೇ ದೊಡ್ಡದೆಂದು ನನ್ನ ಎಣಿಕೆ.

1990ರ ದಶಕದ ಮೊದಲ ವರ್ಷಗಳಲ್ಲಿ ಮಣಿ, ಗೀತಾ ರಂಗನ್, ಎಚ್.ವಿ. ಶ್ರೀನಿವಾಸ್ ಮತ್ತು ಜೊತೆಗಾರರು ತಾಲ್ಲೂಕಿನ ಸುಮಾರು 65,000 ಜನರ ಲೆಕ್ಕ ತೆಗೆದರು. ಚಾಮರಾಜನಗರ ಜಿಲ್ಲೆ ಇನ್ನೂ ಹುಟ್ಟಿರಲಿಲ್ಲ. ಯಳಂದೂರು, ಗುಂಡ್ಲುಪೇಟೆ ಎಲ್ಲವೂ 1997ರವರೆಗೆ ಮೈಸೂರು ಜಿಲ್ಲೆಗೇ ಸೇರಿದ್ದವು. ಫಲಿತಾಂಶ 1998ರಲ್ಲಿ ‘ಸೀಜರ್’ ಎಂಬ ಪತ್ರಿಕೆಯಲ್ಲಿ ಬಂತು. ಸಾವಿರ ಜನರಲ್ಲಿ 4.6 ಮಂದಿಗೆ ಮೂರ್ಛೆರೋಗ. ವರ್ಷಕ್ಕೆ ಲಕ್ಷ ಜನರಲ್ಲಿ 49.3 ಹೊಸ ರೋಗಿಗಳು. ಹೊಸ ರೋಗಿಗಳ ಲೆಕ್ಕವನ್ನು ತೆಗೆಯಬೇಕಾದರೆ ಒಂದೇ ಊರನ್ನು ಮತ್ತೆ ಮತ್ತೆ ಸುತ್ತಬೇಕು, ಆದ್ದರಿಂದ ಭಾರತದಲ್ಲಿ ಅಂಥ ಅಂಕಿ ಬಲು ವಿರಳ. ಇವತ್ತಿಗೂ ದೇಶದ ಮೂರ್ಛೆರೋಗದ ಬಗ್ಗೆ ಬರೆಯುವವರು ಯಳಂದೂರಿನ 49.3ನ್ನು ಉದ್ಧರಿಸದೆ ಮುಂದೆ ಹೋಗುವುದು ಕಡಿಮೆ. ಇನ್ನು ಬಚ್ಚಲಿನ ಲೆಕ್ಕ: ಒಟ್ಟು ಮೂರ್ಛೆರೋಗಿಗಳಲ್ಲಿ ಶೇ 6.9ರಷ್ಟು ಮಂದಿ ಬಿಸಿನೀರಿನವರು. ಮಿಕ್ಕ ಜಗತ್ತಿಗೆ ಕೌತುಕವಾಗಿದ್ದ ಕಾಯಿಲೆ ಇಲ್ಲಿ ಹದಿನೈದು ರೋಗಿಗಳಲ್ಲಿ ಒಬ್ಬರದು.

ಆ ಹೊತ್ತಿಗೆ ಬಾಗಿಲು ತೆರೆದು ಸತ್ಯ ಹೇಳುವುದರಲ್ಲಿ ಎಂಥ ಅಪಾಯವಿತ್ತೆಂಬುದನ್ನು ಮರೆಯುವಂತಿಲ್ಲ. ಅಪಾಯ ಬರೀ ಊರಿನ ಬಾಯಿಯದಾಗಿರಲಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ತಂದ ತಿದ್ದುಪಡಿ, ಮರುಕಳಿಸುವ ಹುಚ್ಚನ್ನೂ ಮೂರ್ಛೆರೋಗವನ್ನೂ ಒಂದೇ ಉಸಿರಿನಲ್ಲಿ ಹೇಳಿ, ಅವು ಇದ್ದವರು ಮದುವೆಗೆ ಅರ್ಹರಲ್ಲ ಎಂದಿತ್ತು. ಮದುವೆಯಾದ ಮೇಲೆ ಗೊತ್ತಾದರೆ ಅದನ್ನು ರದ್ದು ಮಾಡಿಸಲು ಗಂಡ ನ್ಯಾಯಾಲಯಕ್ಕೆ ಹೋಗಬಹುದಿತ್ತು. ಮಾತ್ರೆಯಿಂದ ಹತೋಟಿಗೆ ಬರುವ ನರದ ಕಾಯಿಲೆಯನ್ನು ಕಾನೂನೇ ಹುಚ್ಚಿನ ಪಕ್ಕ ಕೂರಿಸಿದ ಮೇಲೆ, ಮದುವೆಗೆ ಬಂದ ಮಗಳಿದ್ದ ತಾಯಿ ನಾಲ್ಕು ಕಾಗದ ಹಿಡಿದು ಬಂದ ಅಪರಿಚಿತರ ಮುಂದೆ ಏನನ್ನು ಹೇಳಿಯಾಳು? ಮುಚ್ಚಿಟ್ಟು ಮದುವೆ ಮಾಡಿದ ಮೇಲೂ ಸಂಕಟ ತಪ್ಪುತ್ತಿರಲಿಲ್ಲ. ಗಂಡನ ಮನೆಯಲ್ಲಿ ಮಾತ್ರೆ ನುಂಗಿದರೆ ಗುಟ್ಟು ಹೊರಬೀಳುತ್ತದೆ, ನುಂಗದಿದ್ದರೆ ಮೂರ್ಛೆಯೇ ಗುಟ್ಟು ಹೊರಹಾಕುತ್ತದೆ. ಮದುವೆಯಾದ ಹೊಸದರಲ್ಲಿ ಮಾತ್ರೆ ಬಿಟ್ಟ ಹೆಣ್ಣುಮಕ್ಕಳ ಕಥೆ ಕೇಳದ ನರರೋಗ ವೈದ್ಯರು ನಮ್ಮಲ್ಲಿ ಇರಲಾರರು.

ಲಂಡನ್ನಿನಲ್ಲಿ ಗ್ರಹಾಂ ಸ್ಕ್ಯಾಂಬ್ಲರ್ ಮತ್ತು ಆಂಟನಿ ಹಾಪ್ಕಿನ್ಸ್ 1986ರಲ್ಲಿ ಮೂರ್ಛೆರೋಗಿಗಳನ್ನು ಮಾತಾಡಿಸಿ ಒಂದು ವ್ಯತ್ಯಾಸ ಗುರುತಿಸಿದ್ದರು. ಊರವರು ನಿಜಕ್ಕೂ ತೋರಿಸುವ ತಾತ್ಸಾರ ಒಂದು, ತೋರಿಸಿಯಾರೆಂಬ ಭಯ ಇನ್ನೊಂದು. ರೋಗಿಯ ಬದುಕನ್ನು ಹೆಚ್ಚು ಹಾಳುಮಾಡುವುದು ಎರಡನೆಯದು ಎಂದು ಅವರು ಕಂಡರು. ಯಳಂದೂರಿನ ಮಟ್ಟಿಗೆ ಈ ಭಾಗಾಕಾರ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕಾನೂನು ಪುಸ್ತಕದಲ್ಲೇ ಅಚ್ಚಾಗಿದ್ದ ತಾತ್ಸಾರವನ್ನು ಬರೀ ಭಯ ಎನ್ನುವುದು ಹೇಗೆ?

ನಿಮ್ಹಾನ್ಸ್‌ನಲ್ಲಿ ಆರ್. ರಘುರಾಂ, ಎಸ್.ಎಂ. ಚನ್ನಬಸವಣ್ಣ ಮತ್ತು ಮಿಚೆಲ್ ವೈಸ್ ಇದನ್ನೇ ಇನ್ನೊಂದು ತುದಿಯಿಂದ ಅಳೆದರು. ‘ಇದು ಯಾಕೆ ಬಂತು ಅಂತೀರಿ, ಯಾರಿಗೆ ಹೇಳಿದ್ದೀರಿ, ಯಾರಿಗೆ ಹೇಳಿಲ್ಲ, ಮದುವೆಗೆ ತೊಡಕಾದೀತೇ’ ಎಂಬ ಬಗೆಯ ಪ್ರಶ್ನೆಗಳನ್ನು ಕೇಳಿ, ರೋಗಿಯದೇ ಮಾತನ್ನೂ ಬರೆದುಕೊಂಡು, ಜೊತೆಗೆ ಅಂಕವನ್ನೂ ಕೊಡುವ ಕ್ರಮ ಅವರದು. 1996ರಲ್ಲಿ ಮನೋವೈದ್ಯರ ಬಳಿ ಬಂದ 80 ರೋಗಿಗಳ ಬಗ್ಗೆ ಅವರು ಬರೆದದ್ದು ಯೋಚಿಸುವಂತಿದೆ. ಖಿನ್ನತೆಯ ಲಕ್ಷಣ ಹೆಚ್ಚಿದಷ್ಟೂ ಕಳಂಕದ ಅಂಕ ಹೆಚ್ಚುತ್ತಿತ್ತು, ಮೈನೋವಿನ ಲಕ್ಷಣ ಹೆಚ್ಚಿದಷ್ಟೂ ಅದು ಇಳಿಯುತ್ತಿತ್ತು. ಬೆನ್ನು ನೋವೆಂದರೆ ನಾಲ್ಕು ಜನರ ಮುಂದೆ ಹೇಳಬಹುದು, ಬದುಕು ಬೇಡವಾಗಿದೆ ಎಂದು ಹೇಳಲಾಗದು. ಕೋಟದಲ್ಲಿ ಕಪೂರರು ಊಹಿಸಿದ್ದಕ್ಕೆ ಇಪ್ಪತ್ತು ವರ್ಷಗಳ ಮೇಲೆ ಅಂಕಿಯ ಆಧಾರ ದೊರೆತಂತಾಯಿತು. ಮೂರ್ಛೆಯ ರೋಗಿಗೆ ಇಂಥ ಅನುಕೂಲವೂ ಇಲ್ಲ. ಸಂತೆಯಲ್ಲಿ ಬಿದ್ದವನು ಬೆನ್ನು ನೋವೆಂದು ಹೇಳಿ ಪಾರಾಗುವಂತಿಲ್ಲ.

ಯಳಂದೂರಿನವರು ಎಣಿಸಿ ಕೈತೊಳೆದುಕೊಳ್ಳಲಿಲ್ಲ. ಸಿಕ್ಕ ರೋಗಿಗಳಲ್ಲಿ ಅದುವರೆಗೆ ಚಿಕಿತ್ಸೆಯೇ ಕಾಣದ ನೂರಕ್ಕೂ ಹೆಚ್ಚು ಮಂದಿಗೆ ಎರಡು ಹಳೆಯ ಮಾತ್ರೆಗಳಲ್ಲಿ ಒಂದನ್ನು ಕೊಟ್ಟು ಐದು ವರ್ಷದವರೆಗೆ ಬೆನ್ನುಹತ್ತಿದರು. ಫಿನೋಬಾರ್ಬಿಟೋನ್ 1912ರಿಂದ ಬಳಕೆಯಲ್ಲಿದ್ದದ್ದು, ಫೆನಿಟಾಯಿನ್ 1938ರದ್ದು. ಎರಡೂ ಅಗ್ಗ. ಎಣಿಕೆಗಿಂತ ಈ ಭಾಗವೇ ಕಠಿಣ ಎಂದು ಆರೋಗ್ಯ ಮನೋವಿಜ್ಞಾನ ಬಲ್ಲವರು ಒಪ್ಪುತ್ತಾರೆ. ಮೂರ್ಛೆ ನಿಂತು ಆರು ತಿಂಗಳಾದ ಮೇಲೂ ದಿನವೂ ಮಾತ್ರೆ ನುಂಗಬೇಕೆಂದರೆ ‘ಈಗ ಚೆನ್ನಾಗಿದೀನಲ್ಲ’ ಎನ್ನುವವನಿಗೆ ಏನು ಉತ್ತರ ಹೇಳುವುದು? ‘ಮಾತ್ರೆ ತಗೊಂಡ್ರಾ’ ಎಂದರೆ ‘ಹೂಂ’ ಎನ್ನುವುದು ಸೌಜನ್ಯ. ಡಬ್ಬಿಯ ಮಾತ್ರೆ ಎಣಿಸಬಹುದು, ಆದರೆ ಉಳಿದದ್ದನ್ನು ಎಸೆದು ಬಂದವನ ಡಬ್ಬಿಯೂ ಖಾಲಿಯೇ ಇರುತ್ತದೆ. ರಕ್ತದಲ್ಲಿ ಔಷಧದ ಅಂಶ ನೋಡಬಹುದು, ಹಳ್ಳಿಯಲ್ಲಿ ಅದು ದುಬಾರಿ. ಕೊನೆಗೆ ನೆಚ್ಚಬೇಕಾದ್ದು ಕಾರ್ಯಕರ್ತೆಗೂ ರೋಗಿಗೂ ನಡುವಿನ ಸಲಿಗೆಯನ್ನೇ.

2001ರಲ್ಲಿ ‘ಲ್ಯಾನ್ಸೆಟ್’ ಆ ಫಲಿತಾಂಶವನ್ನು ಪ್ರಕಟಿಸಿತು. ಲೇಖಕರಲ್ಲಿ ನಿಮ್ಹಾನ್ಸ್‌ನ ಸಂಖ್ಯಾಶಾಸ್ತ್ರಜ್ಞ ಡಿ.ಕೆ. ಸುಬ್ಬಕೃಷ್ಣ ಕೂಡ ಇದ್ದರು. ಎರಡರಲ್ಲಿ ಯಾವ ಮಾತ್ರೆ ಕೊಟ್ಟರೂ ಹೆಚ್ಚಿನವರ ಮೂರ್ಛೆ ಹತೋಟಿಗೆ ಬರುತ್ತದೆ, ಚಿಕಿತ್ಸೆಗೆ ಮೊದಲು ಕಡಿಮೆ ಸಲ ಮೂರ್ಛೆ ಹೋದವರಲ್ಲಿ ಫಲ ಇನ್ನೂ ಹೆಚ್ಚು ಎಂಬುದು ಅದರ ಸಾರ. ಅಂದರೆ ಅಡಗಿಸಿಟ್ಟ ಒಂದೊಂದು ವರ್ಷವೂ ಗುಣವಾಗುವ ಅವಕಾಶವನ್ನು ಸವೆಸುತ್ತದೆ. ಕೆನ್ಯಾದ ನಕುರುವಿನಲ್ಲಿ ಹತ್ತು ವರ್ಷ ಮೊದಲು ನಡೆದ ಅಧ್ಯಯನವೂ ಹಳ್ಳಿಯ ಮಟ್ಟದಲ್ಲಿ ಇಂಥ ಚಿಕಿತ್ಸೆ ಸಾಧ್ಯವೆಂದೇ ಹೇಳಿತ್ತು. ಆದರೂ ಫಿನೋಬಾರ್ಬಿಟೋನ್ ಬಗ್ಗೆ ತಕರಾರು ನಿಲ್ಲಲಿಲ್ಲ. ಅದು ಮಕ್ಕಳ ಬುದ್ಧಿ ಮಂಕು ಮಾಡುತ್ತದೆ, ವರ್ತನೆ ಕೆಡಿಸುತ್ತದೆ, ಶ್ರೀಮಂತ ದೇಶಗಳು ಕೈಬಿಟ್ಟದ್ದನ್ನು ಬಡವರ ಮಕ್ಕಳಿಗೆ ಕೊಡುವುದು ಸರಿಯೇ ಎಂದು ಕೇಳಿದವರಿದ್ದರು. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಡಿ.ಕೆ. ಪಾಲ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷೆಗಿಟ್ಟು, ಫೆನಿಟಾಯಿನ್ ಪಡೆದ ಮಕ್ಕಳಿಗಿಂತ ಫಿನೋಬಾರ್ಬಿಟೋನ್ ಪಡೆದ ಮಕ್ಕಳ ವರ್ತನೆ ಹೆಚ್ಚೇನೂ ಕೆಟ್ಟಿರಲಿಲ್ಲವೆಂದು 1998ರಲ್ಲಿ ತೋರಿಸಿದರು. ವಾದ ಪೂರ್ತಿ ಮುಗಿಯಲಿಲ್ಲ, ಬಿಸಿ ಮಾತ್ರ ಕಡಿಮೆಯಾಯಿತು.

ಇನ್ನೊಂದು ವಿವಾದ ನಮಗೆ ಹತ್ತಿರದ್ದು. 2004ರಲ್ಲಿ ಗೌರಿದೇವಿ, ಜಿ. ಗುರುರಾಜ್, ಸತೀಶ್ಚಂದ್ರ, ಸುಬ್ಬಕೃಷ್ಣ ಸೇರಿ ಬೆಂಗಳೂರು ನಗರ ಮತ್ತು ಗ್ರಾಮಾಂತರದ ಒಂದು ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ ಪ್ರಕಟಿಸಿದರು. ನಗರದಲ್ಲಿ ಸಾವಿರಕ್ಕೆ 5.7, ಹಳ್ಳಿಯಲ್ಲಿ 11.9. ಯಳಂದೂರೂ ಹಳ್ಳಿಗಾಡೇ, ಅಲ್ಲಿನ ಲೆಕ್ಕ 4.6. ಎರಡೂವರೆ ಪಟ್ಟು ಅಂತರ ಬಂದದ್ದೆಲ್ಲಿಂದ? ರೋಗವೆಂದು ಯಾವುದನ್ನು ಕರೆಯಬೇಕು, ಎಷ್ಟು ವರ್ಷದೊಳಗೆ ಬಂದ ಮೂರ್ಛೆಯನ್ನು ಲೆಕ್ಕಕ್ಕೆ ಹಿಡಿಯಬೇಕು, ಪ್ರಶ್ನೆ ಕೇಳಿದವರು ಯಾರು, ಉತ್ತರಿಸಿದವರು ಯಾರು ಎಂಬಲ್ಲೆಲ್ಲ ಅಧ್ಯಯನದಿಂದ ಅಧ್ಯಯನಕ್ಕೆ ಹೆಚ್ಚುಕಡಿಮೆ ಇರುತ್ತದೆ. ದೇಶದ ಇಪ್ಪತ್ತು ಅಧ್ಯಯನಗಳನ್ನು ಒಟ್ಟುಮಾಡಿ 1999ರಲ್ಲಿ ನೋಡಿದ ಶ್ರೀಧರನ್ ಮತ್ತು ಮೂರ್ತಿ ಅವರಿಗೆ ಸರಾಸರಿ ಸಾವಿರಕ್ಕೆ ಐದರ ಮೇಲೆ ಬಂತು, ಹಳ್ಳಿಗೂ ಪಟ್ಟಣಕ್ಕೂ ಹೇಳಿಕೊಳ್ಳುವ ಅಂತರ ಕಾಣಲಿಲ್ಲ. ನನ್ನ ಓದಿನಲ್ಲಿ ಯಳಂದೂರಿನ 4.6 ಎನ್ನುವುದು ರೋಗದ ಕನಿಷ್ಠ ಲೆಕ್ಕ. ಮದುವೆ ಕಾಯ್ದೆಯ ಕತ್ತಿ ನೆತ್ತಿಯ ಮೇಲೆ ತೂಗುತ್ತಿದ್ದಾಗ ಹೇಳಿಕೊಂಡವರ ಸಂಖ್ಯೆ ಅದು. ಬೆಂಗಳೂರಿನ ಸಮೀಕ್ಷಕರು ಮನೆಮನೆಗೆ ಹೋದಾಗಲೂ ಆ ಕತ್ತಿ ಇನ್ನೂ ಇಳಿದಿರಲಿಲ್ಲ. ಆದ್ದರಿಂದ ಅಂತರಕ್ಕೆ ಇದೇ ಕಾರಣವೆಂದು ನಾನು ಸಾಧಿಸುವುದಿಲ್ಲ. ಇದನ್ನು ಬಿಟ್ಟು ಲೆಕ್ಕ ಹಾಕುವುದೂ ಸರಿಯಲ್ಲ.

ಕತ್ತಿ ಇಳಿದದ್ದು 1999ರ ಕೊನೆಯಲ್ಲಿ. ಭಾರತೀಯ ಎಪಿಲೆಪ್ಸಿ ಸಂಘದವರು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ ಸಂಸತ್ತು ವಿವಾಹ ಕಾಯ್ದೆಗಳಿಂದ ಮೂರ್ಛೆರೋಗವನ್ನು ತೆಗೆದುಹಾಕಿತು. ಅಂದಿನಿಂದ ಮೂರ್ಛೆರೋಗವಿದೆ ಎಂಬುದೊಂದೇ ಕಾರಣಕ್ಕೆ ಮದುವೆ ಮುರಿಯಲು ಕಾನೂನಿನ ಬೆಂಬಲವಿಲ್ಲ. 2014ರಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಮೂರ್ಛೆರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ರೋಗದ ವ್ಯಾಖ್ಯೆಯನ್ನು ಹೊಸದಾಗಿ ಬರೆಯುವಾಗ, ಪ್ರಚೋದನೆಯಿಲ್ಲದೆ ಬರುವ ಮೂರ್ಛೆಯ ಜೊತೆಗೆ ಬೆಳಕು, ಬಿಸಿನೀರಿನಂಥ ಪ್ರಚೋದನೆಗೆ ಪ್ರತಿಕ್ರಿಯೆಯಾಗಿ ಬರುವುದನ್ನೂ ಸ್ಪಷ್ಟವಾಗಿ ಸೇರಿಸಿತು. ಮಣಿಯವರ ಮೊದಲ ವರದಿಗೆ ಆಗ 46 ವರ್ಷ ತುಂಬಿತ್ತು. ಬಚ್ಚಲಲ್ಲಿ ಬೀಳುವವರದು ಕಾಯಿಲೆಯೋ ಅಲ್ಲವೋ ಎಂಬ ಚರ್ಚೆ ಪುಸ್ತಕದ ಮಟ್ಟಿಗಾದರೂ ಅಲ್ಲಿಗೆ ನಿಂತಿತು. ಟರ್ಕಿಯಿಂದಲೂ ಇಂಥ ಪ್ರಕರಣಗಳು ವರದಿಯಾಗಿವೆ, ಅಲ್ಲೂ ಸ್ನಾನದ ರೂಢಿಯ ಜೊತೆಗೇ ಇದನ್ನು ನೋಡುತ್ತಾರೆ.

ಯಳಂದೂರಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಲ್ಲಿ ಸರ್ಕಾರ ಕರುಣಾ ಟ್ರಸ್ಟಿಗೆ ನಡೆಸಲು ಕೊಟ್ಟಿತು. ಮೂರ್ಛೆರೋಗ ಮತ್ತು ಮಾನಸಿಕ ಕಾಯಿಲೆಗಳ ಆರೈಕೆಯನ್ನು ಹಳ್ಳಿಯ ಆರೋಗ್ಯ ಕೇಂದ್ರದ ದಿನನಿತ್ಯದ ಕೆಲಸದೊಳಗೇ ಸೇರಿಸುವ ಪ್ರಯತ್ನ ಅಲ್ಲಿ ಮುಂದುವರಿಯಿತು. ಇಂದು ಚಾಮರಾಜನಗರಕ್ಕೆ ತನ್ನದೇ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ಬಿಸಿನೀರಿನ ಮೂರ್ಛೆ ತೋರಿಸಿಕೊಳ್ಳಲು ಗುಂಡ್ಲುಪೇಟೆಯವರು ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ.

ಆಸ್ಪತ್ರೆಗೆ ಹೋದವರಿಗೆ ವೈದ್ಯರು ಹೇಳುವುದು ಸರಳ: ತಲೆಗೆ ಉಗುರುಬೆಚ್ಚಗಿನ ನೀರು ಹಾಕಿಕೊಳ್ಳಿ, ಒಂದೇ ಸಮನೆ ನೆತ್ತಿಗೆ ಸುರಿಯಬೇಡಿ, ಬಚ್ಚಲ ಚಿಲಕ ಹಾಕಬೇಡಿ. ಅಷ್ಟರಲ್ಲೇ ಅನೇಕರಿಗೆ ಮೂರ್ಛೆ ನಿಲ್ಲುತ್ತದೆ. ನಿಲ್ಲದವರಿಗೆ ತಲೆಸ್ನಾನಕ್ಕೆ ಮುಂಚೆ ನುಂಗುವ ಕ್ಲೋಬಜಾಮ್ ಮಾತ್ರೆಯುಂಟು, ಅದನ್ನು ವೈದ್ಯರೇ ಬರೆದುಕೊಡಬೇಕು. ಯಾರಾದರೂ ಮೂರ್ಛೆ ಹೋದರೆ ಕೈಗೆ ಬೀಗದ ಕೈ ಕೊಡಬೇಡಿ, ಬಾಯಿಗೆ ಏನನ್ನೂ ತುರುಕಬೇಡಿ, ಮಗ್ಗುಲಾಗಿ ಮಲಗಿಸಿ. ಐದು ನಿಮಿಷವಾದರೂ ಸೆಳೆತ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದು ‘ಮನೇಲಿ ಯಾರಾದ್ರೂ ಎಚ್ಚರ ತಪ್ಪಿ ಬಿದ್ದದ್ದುಂಟಾ’ ಎಂದು ಕೇಳಿದಾಗ, ಬಚ್ಚಲಲ್ಲಿ ಬಿದ್ದದ್ದನ್ನೂ ಸೇರಿಸಿ ಹೇಳಿ.